ಹೊಸ ಬ್ಯಾಟರಿ ಹಾಕಿದ ಮೇಲೂ ಸೆಲ್ಫ್ ತಗೊಳ್ಳುತ್ತಿಲ್ಲವೇ? ನನ್ನ ಅನುಭವ ಹೇಳುತ್ತೇನೆ

ಬ್ಯಾಟರಿ ಹಾಕಿ ಎರಡೇ ತಿಂಗಳು, ಬೆಳಗ್ಗೆ ಸೆಲ್ಫ್ ಒತ್ತಿದರೆ ಟಕಟಕ ಅಂತ ಸದ್ದು ಮಾತ್ರ, ಚಾರ್ಜರ್ ಹಾಕಿದರೆ ನಾಲ್ಕು ದಿನ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ ಅಂತ ಬರೆದಿದ್ದೀರಿ. ಕಿಕ್ಕರ್ ಇಲ್ಲದ ಬೈಕು, 9 ಆಂಪ್ ಅವರ್ ಬ್ಯಾಟರಿ, ಜಿಪಿಎಸ್ ಟ್ರ್ಯಾಕರ್ ಒಂದು ಹಾಕಿಸಿದ್ದೀರಿ, ರೆಕ್ಟಿಫೈಯರ್ (ಇಂಜಿನ್ ಹುಟ್ಟಿಸುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡಿ, ವೋಲ್ಟೇಜನ್ನು ಹಿಡಿತದಲ್ಲಿಡುವ ಭಾಗ) ಆರ್ಡರ್ ಮಾಡಿ ಆಗಿದೆ. ಸೆಲ್ಫ್ ಮೋಟರನ್ನೂ ಬಿಚ್ಚಿಸಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಏನೂ ಬಿಚ್ಚಿಸಬೇಡಿ. ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ. ಸಾಧಾರಣ ಡಿಜಿಟಲ್ ಮೀಟರ್ ಸಾಕು.

ನನಗೂ ಹೀಗೇ ಆಗಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಹಾಕಿಸಿದೆ. ಎರಡನೆಯದೂ ಡೌನ್ ಆದಾಗ ಸೆಲ್ಫ್ ಮೋಟರ್ ಹೋಗಿದೆ ಅಂದರು. ಅದನ್ನೂ ಬಿಚ್ಚಿ ಕಾರ್ಬನ್ ಬ್ರಷ್ ಹೊಸದು ಹಾಕಿದ್ದಾಯಿತು. ಮೂರು ವಾರಕ್ಕೆ ಮತ್ತೆ ಟಕಟಕ. ಅಷ್ಟು ದಿನದಲ್ಲಿ ಯಾರೂ ಒಂದು ಸಲ ಮೀಟರ್ ಇಟ್ಟು ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ. ಬ್ಯಾಟರಿ ಸೋತಿದೆ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಊಟ ಯಾರು ಹಾಕುತ್ತಿಲ್ಲ ಅನ್ನುವುದನ್ನು ಹುಡುಕಬೇಕು.

ಮೊದಲು ಸದ್ದು. ನಿಮ್ಮದು ಟಕಟಕ ಅಂತ ಬೇಗ ಬೇಗ ಬರುತ್ತಿದೆ ಅಂದರೆ ರಿಲೇ (ಬಟನ್ ಒತ್ತಿದಾಗ ಮೋಟರಿಗೆ ಬ್ಯಾಟರಿ ಕರೆಂಟ್ ಬಿಡುವ ಸ್ವಿಚ್) ಹಿಡಿಯುತ್ತಿದೆ, ಮೋಟರ್ ಕರೆಂಟ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ರಿಲೇ ಬಿಟ್ಟುಬಿಡುತ್ತಿದೆ, ಮತ್ತೆ ಹಿಡಿಯುತ್ತಿದೆ. ಇದು ಹೆಚ್ಚಾಗಿ ಬ್ಯಾಟರಿ ಚಾರ್ಜ್ ಇಲ್ಲದ್ದು, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ನೆ ಆದರೆ ರಿಲೇ ಒಳಗಿನ ಕಾಂಟ್ಯಾಕ್ಟ್, ದಪ್ಪ ಕೇಬಲ್ ಅಥವಾ ಮೋಟರ್ ಕಡೆ ನೋಡಬೇಕು. ಸದ್ದೇ ಇಲ್ಲದಿದ್ದರೆ ಕಿಲ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಫ್ಯೂಸ್. ಮೋಟರ್ ಚೆನ್ನಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಅದು ಬೇರೆಯೇ ದಾರಿ, ಪೆಟ್ರೋಲ್ ಮತ್ತು ಪ್ಲಗ್ ಕಡೆ ಹೋಗಬೇಕು, ಅದನ್ನು ಇಲ್ಲಿ ಬೆರೆಸುವುದು ಬೇಡ.

ಇಲ್ಲಿ ಒಬ್ಬರು ರಿಲೇಯ ಎರಡು ಬೋಲ್ಟಿಗೆ ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಿ ನೋಡಿ ಅಂದಿದ್ದಾರೆ. ದಯವಿಟ್ಟು ಮಾಡಬೇಡಿ. ಗಾಡಿ ಗೇರಿನಲ್ಲಿದ್ದರೆ ಮುಂದೆ ನುಗ್ಗುತ್ತದೆ, ಮತ್ತೆ ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದರ ಪಕ್ಕದಲ್ಲೇ ಕಿಡಿ ಹಾರಿಸುವುದು ಒಳ್ಳೆಯದಲ್ಲ.

ಈಗ ಅಳತೆ. ಬ್ಯಾಟರಿಯನ್ನು ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿ, 9 ಆಂಪ್ ಅವರ್ ಬ್ಯಾಟರಿಗೆ 0.9 ಆಂಪ್ ಆಸುಪಾಸು ಸಾಕು, ಅವಸರ ಬೇಡ. ಚಾರ್ಜರ್ ತೆಗೆದು ರಾತ್ರಿಯೆಲ್ಲಾ ಹಾಗೇ ಬಿಡಿ. ತೆಗೆದ ಕೂಡಲೇ ನೋಡಿದರೆ 13ಕ್ಕಿಂತ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಬಾರದು. ಬೆಳಗ್ಗೆ 12.6ರಿಂದ 12.8 ವೋಲ್ಟ್ ಇದ್ದರೆ ಚಾರ್ಜ್ ನಿಂತಿದೆ ಅಂತ ಅರ್ಥ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗೆ ಅಂದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಪೂರ್ತಿ ಚಾರ್ಜ್ ಮಾಡಿಯೂ 10.5 ಹತ್ತಿರ ನಿಂತರೆ ಆರು ಸೆಲ್ಲಿನಲ್ಲಿ ಒಂದು ಹೋಗಿದೆ. ಇದು ಲೆಡ್ ಆಸಿಡ್ ಬ್ಯಾಟರಿ ಲೆಕ್ಕ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 13.2 ಸುಮಾರು ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ.

ಆಮೇಲೆ ಮೀಟರಿನ ಪ್ರೋಬ್ (ವೈರಿನ ತುದಿಯ ಕಡ್ಡಿ) ಬ್ಯಾಟರಿ ಮೇಲೆ ಇಟ್ಟುಕೊಂಡೇ ಸೆಲ್ಫ್ ಒತ್ತಿ. ಮೋಟರ್ ತಿರುಗುವಾಗ 10 ವೋಲ್ಟಿನ ಆಸುಪಾಸು ಅಥವಾ ಮೇಲೆ ನಿಂತರೆ ಬ್ಯಾಟರಿಗೆ ಶಕ್ತಿ ಇದೆ. ಬೆಳಗ್ಗೆ 12.7 ಇದ್ದದ್ದು ಸೆಲ್ಫ್ ಒತ್ತಿದ ತಕ್ಷಣ 7ಕ್ಕೋ 8ಕ್ಕೋ ಬಿದ್ದರೆ ಬ್ಯಾಟರಿ ಒಳಗೇ ಸೋತಿದೆ. ಪದೇ ಪದೇ ಪೂರ್ತಿ ಖಾಲಿಯಾದ ಬ್ಯಾಟರಿ ಹೊಸದಾದರೂ ಹೀಗಾಗುತ್ತದೆ, ಪ್ಲೇಟಿನ ಮೇಲೆ ಸಲ್ಫೇಟ್ ಕೂರುತ್ತದೆ.

ಇದೇ ಹೊತ್ತಿಗೆ ಕೇಬಲ್ಲುಗಳನ್ನೂ ನೋಡಿಬಿಡಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಕೆಂಪು ಪ್ರೋಬ್ ಇಂಜಿನ್ನಿನ ಪೇಂಟ್ ಇಲ್ಲದ ಬೋಲ್ಟಿನ ಮೇಲೆ. ಸೆಲ್ಫ್ ಒತ್ತಿದಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿತು ಅಂದರೆ ಅರ್ಥ್ ಕೇಬಲ್ ಎಲ್ಲೋ ತುಕ್ಕು ಹಿಡಿದಿದೆ. ಪ್ಲಸ್ ಕಂಬದಿಂದ ಮೋಟರಿನ ಬೋಲ್ಟಿಗೂ ಹೀಗೇ ನೋಡಿ, ಅಲ್ಲಿ ಮಧ್ಯೆ ರಿಲೇ ಇರುವುದರಿಂದ ಅರ್ಧ ವೋಲ್ಟಿನವರೆಗೆ ಪರವಾಗಿಲ್ಲ. ಹೊಸ ಬ್ಯಾಟರಿ ಹಾಕಿದವರು ಟರ್ಮಿನಲ್ ನಟ್ ಸರಿಯಾಗಿ ಬಿಗಿ ಮಾಡದೆ ಬಿಟ್ಟಿರುವುದು ಎಷ್ಟೋ ಸಲ ಕಂಡಿದ್ದೇನೆ, ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್.

ಚಾರ್ಜಿಂಗ್ ನನಗೆ ಪಾಠ ಕಲಿಸಿದ ಜಾಗ. ಇಂಜಿನ್ ಸ್ಟಾರ್ಟ್ ಮಾಡಿ, ಹೆಡ್‌ಲೈಟ್ ಹಾಕಿ, ಬ್ಯಾಟರಿಯ ಎರಡು ಕಂಬದ ಮೇಲೆ ಪ್ರೋಬ್ ಇಟ್ಟು ಆಕ್ಸಿಲರೇಟರ್ ಕೊಡಿ. ಐಡ್ಲಿಂಗಿನಲ್ಲಿ 13 ಸುಮಾರು ಇದ್ದರೂ ಸರಿ, 4000-5000 ಆರ್‌ಪಿಎಂನಲ್ಲಿ 13.8ರಿಂದ 14.5ರ ಒಳಗೆ ಬಂದು ನಿಲ್ಲಬೇಕು. 15 ದಾಟಿದರೆ ರೆಕ್ಟಿಫೈಯರ್ ಒಳಗಿನ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಬ್ಯಾಟರಿ ಉಬ್ಬುತ್ತದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಬಲ್ಬುಗಳೂ ಹೋಗುತ್ತವೆ. ವೋಲ್ಟೇಜ್ ಏರುವುದೇ ಇಲ್ಲ ಅಂದರೆ ಚಾರ್ಜ್ ಬರುತ್ತಿಲ್ಲ. ಬ್ಯಾಟರಿ ವೈರ್ ಕಿತ್ತು ಇಂಜಿನ್ ಓಡುತ್ತದೋ ನೋಡುವ ಹಳೇ ಪರೀಕ್ಷೆ ಮಾತ್ರ ಬೇಡ, ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು (ಇಂಜಿನ್ ನಡೆಸುವ ಎಲೆಕ್ಟ್ರಾನಿಕ್ ಡಬ್ಬ) ಸುಟ್ಟುಹೋಗಬಹುದು.

ನನ್ನ ಬೈಕಿನಲ್ಲಿ ಬೆಳಗ್ಗೆ 14.1 ಬರುತ್ತಿತ್ತು. ಎಲ್ಲಾ ಸರಿ ಇದೆ ಅಂದುಕೊಂಡೆ. ಅರ್ಧ ಗಂಟೆ ಓಡಿಸಿ ಬಂದು ಬಿಸಿ ಇರುವಾಗಲೇ ಮತ್ತೆ ನೋಡಿದೆ. 12.9. ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಅಷ್ಟೇ. ಆಗ ಸೀಟ್ ತೆಗೆದು, ಸೈಡ್ ಪ್ಯಾನೆಲ್ ತೆಗೆದು, ಇಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆಯಿಂದ ಬರುವ ಮೂರು ಹಳದಿ ವೈರುಗಳನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಏರ್ ಫಿಲ್ಟರ್ ಡಬ್ಬದ ಹಿಂದೆ ಒಂದು ಬಿಳಿ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್. ಮೂರು ಮನೆಗಳಲ್ಲಿ ಎರಡು ಬಿಳಿಯಾಗಿಯೇ ಇದ್ದವು. ಮೂರನೆಯದರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಅಂಚು ಕರಗಿ ಒಳಕ್ಕೆ ಕುಸಿದಿತ್ತು. ಎಳೆದರೆ ಬರುತ್ತಿಲ್ಲ. ಬಿಡಿಸಿದಾಗ ಪಿನ್ ಕಪ್ಪಗಾಗಿತ್ತು, ವೈರಿನ ತುದಿಯ ಇನ್ಸುಲೇಶನ್ ಉಗುರು ತಾಗಿದರೆ ಪುಡಿಯಾಗುತ್ತಿತ್ತು. ತಣ್ಣಗಿದ್ದಾಗ ಹೇಗೋ ತಾಗಿಕೊಂಡಿದ್ದ ಆ ಪಿನ್, ಬಿಸಿಯಾದ ಮೇಲೆ ಕರೆಂಟ್ ಬಿಡುತ್ತಿರಲಿಲ್ಲ. ಎರಡು ಬ್ಯಾಟರಿ, ಒಂದು ಸೆಟ್ ಬ್ರಷ್, ಎಲ್ಲಾ ಹೋಗಿದ್ದು ಹೆಬ್ಬೆರಳಿನಷ್ಟು ದೊಡ್ಡ ಒಂದು ಕಪ್ಲರಿನಿಂದ. ಸುಟ್ಟ ವೈರನ್ನು ಹಿಂದಕ್ಕೆ ಕತ್ತರಿಸಿ, ಹೊಸ ದಪ್ಪ ಪಿನ್ನಿನ ಕಪ್ಲರ್ ಹಾಕಿ, ಕ್ರಿಂಪ್ ಗಟ್ಟಿ ಮಾಡಿದೆ. ಮತ್ತೆ ಅರ್ಧ ಗಂಟೆ ಓಡಿಸಿ ಬಂದು ನೋಡಿದಾಗ 14.2. ಅವತ್ತು ಆದ ಸಮಾಧಾನ ಹೇಳತೀರದು.

ಹಾಗಾಗಿ ನಿಮ್ಮ ಬೈಕಿನಲ್ಲೂ ತಣ್ಣಗಿದ್ದಾಗ ಒಂದು ಸಲ, ಓಡಿಸಿ ಬಂದ ಮೇಲೆ ಒಂದು ಸಲ ನೋಡಿ. ಬಿಸಿಯಾದಾಗ ಮಾತ್ರ ಕೈಕೊಡುವ ಸ್ಟೇಟರ್ (ಮ್ಯಾಗ್ನೆಟ್ ಜೊತೆ ಕರೆಂಟ್ ಹುಟ್ಟಿಸುವ ಕಾಯಿಲ್) ಇರುತ್ತದೆ, ರೆಕ್ಟಿಫೈಯರ್ರೂ ಇರುತ್ತದೆ.

ಕಪ್ಲರ್ ಚೆನ್ನಾಗಿದ್ದರೆ ಅದನ್ನು ಬಿಡಿಸಿ ಸ್ಟೇಟರ್ ಕಡೆಯ ಮೂರು ಪಿನ್ ಪರೀಕ್ಷಿಸಿ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಇಂಜಿನ್ ಓಡುವಾಗ ಒಂದು-ಎರಡು, ಎರಡು-ಮೂರು, ಒಂದು-ಮೂರು ಹೀಗೆ ಜೋಡಿ ಜೋಡಿಯಾಗಿ ನೋಡಿ. ಎಷ್ಟು ಬರಬೇಕು ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ, 5000 ಆರ್‌ಪಿಎಂನಲ್ಲಿ 50 ವೋಲ್ಟ್ ದಾಟುವುದು ಮಾಮೂಲಿ, ಆದ್ದರಿಂದ ಪಿನ್ ಮುಟ್ಟಬೇಡಿ. ಮುಖ್ಯವಾದದ್ದು ಮೂರೂ ಜೋಡಿ ಸಮ ಇರಬೇಕು. ಒಂದು ಜೋಡಿ 55, ಇನ್ನೆರಡು 30 ಅಂದರೆ ಸ್ಟೇಟರ್ ಕಾಯಿಲ್ ಸುಟ್ಟಿದೆ. ಇಂಜಿನ್ ನಿಲ್ಲಿಸಿ ಒಂದೊಂದು ಪಿನ್ನಿನಿಂದ ಇಂಜಿನ್ ಬಾಡಿಗೆ ಓಮ್ಸ್ ನೋಡಿ, ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಕಾಯಿಲ್ ಬಾಡಿಗೆ ಶಾರ್ಟ್ ಆಗಿದೆ. ಪಿನ್ನಿನಿಂದ ಪಿನ್ನಿಗೆ ಓಮ್ಸ್ ಅಳೆಯಲೂ ಹೇಳುತ್ತಾರೆ, ಆದರೆ ಆ ಕಾಯಿಲ್ಲಿನ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಮ್ಮಿ ಇರುತ್ತದೆ, ಸಾಧಾರಣ ಮೀಟರಿನ ವೈರೇ 0.2 ಓಮ್ ತೋರಿಸುತ್ತದೆ. ಆ ಲೆಕ್ಕ ಹಿಡಿದುಕೊಂಡು ಸ್ಟೇಟರ್ ಬದಲಿಸಬೇಡಿ.

ಎಸಿ ಮೂರೂ ಸಮ ಇದೆ, ಬಾಡಿಗೆ ಶಾರ್ಟ್ ಇಲ್ಲ, ಕಪ್ಲರ್ ಚೆನ್ನಾಗಿದೆ, ರೆಕ್ಟಿಫೈಯರಿನಿಂದ ಬ್ಯಾಟರಿಗೆ ಹೋಗುವ ಪ್ಲಸ್, ಮೈನಸ್ ವೈರುಗಳೂ ಮಧ್ಯದ ಫ್ಯೂಸೂ ಸರಿ ಇದೆ, ಆದರೂ 14 ಬರುತ್ತಿಲ್ಲ ಅಂದರೆ ಆಗ ರೆಕ್ಟಿಫೈಯರ್ ಮೇಲೆ ಅನುಮಾನ ಪಡಬಹುದು. ಅದರೊಳಗಿನ ಡಯೋಡುಗಳನ್ನು (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ಮೀಟರಿನ ಡಯೋಡ್ ಮೋಡಿನಲ್ಲಿ ಪರೀಕ್ಷೆ ಮಾಡುವವರಿದ್ದಾರೆ. ಅದರಲ್ಲಿ ಫೇಲ್ ಆದರೆ ಕೆಟ್ಟಿರುವ ಸಾಧ್ಯತೆ ಜಾಸ್ತಿ, ಪಾಸ್ ಆದರೆ ಚೆನ್ನಾಗಿದೆ ಅಂತ ಹೇಳಲಾಗದು, ಮೀಟರ್ ಕೊಡುವ ಚಿಕ್ಕ ಕರೆಂಟಿಗೂ ಗಾಡಿ ಓಡುವಾಗಿನ ಬಿಸಿಗೂ ಹೋಲಿಕೆಯೇ ಇಲ್ಲ.

ಇನ್ನು ಟ್ರ್ಯಾಕರ್. ಹೈವೇಯಲ್ಲಿ ಓಡಿಸಿ ಬಂದರೂ ನಾಲ್ಕು ದಿನ ನಿಂತರೆ ಡೌನ್ ಆಗುತ್ತದೆ ಅಂದಿರಲ್ಲ, ಅದು ಓದಿದ ಕೂಡಲೇ ನನಗೆ ಅನುಮಾನ ಬಂತು. ಕೀ ತೆಗೆದು, ಮೈನಸ್ ವೈರ್ ಬಿಚ್ಚಿ, ಕಂಬಕ್ಕೂ ಆ ವೈರಿಗೂ ಮಧ್ಯೆ ಮೀಟರನ್ನು ಆಂಪ್ಸ್‌ನಲ್ಲಿ ಇಡಿ. ಮೊದಲು 10 ಆಂಪ್ ಸಾಕೆಟ್, ಕಮ್ಮಿ ಇದೆ ಅಂತ ಗೊತ್ತಾದ ಮೇಲೆ ಮಿಲಿಆಂಪ್. ಮೀಟರ್ ಹಾಗೆ ಇರುವಾಗ ಕೀ ಆನ್ ಮಾಡಲೇಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಗಡಿಯಾರಕ್ಕೆ ಒಂದೆರಡು ಮಿಲಿಆಂಪ್ ಹೋಗುವುದು ಸಹಜ. 10 ಮಿಲಿಆಂಪ್ ಎಳೆಯುತ್ತಿದ್ದರೆ 30 ದಿನಕ್ಕೆ 7.2 ಆಂಪ್ ಅವರ್ ಖಾಲಿ, ನಿಮ್ಮ 9ರಲ್ಲಿ ಉಳಿಯುವುದು ಏನು ಹೇಳಿ. ನನ್ನ ಗೆಳೆಯನ ಬೈಕಿನ ಅಲಾರಂ 28 ಮಿಲಿಆಂಪ್ ಎಳೆಯುತ್ತಿತ್ತು, ಒಂದು ವಾರದಲ್ಲಿ ಅರ್ಧ ಬ್ಯಾಟರಿ ಹೋಗುತ್ತಿತ್ತು. ಅವನೂ ರೆಕ್ಟಿಫೈಯರ್ ಬದಲಿಸಿದ್ದ. ನಿಮ್ಮದರಲ್ಲಿ ಜಾಸ್ತಿ ತೋರಿಸಿದರೆ ಟ್ರ್ಯಾಕರಿನ ಫ್ಯೂಸ್ ತೆಗೆದು ಮತ್ತೆ ನೋಡಿ, ಇಳಿಯಿತಾ ಅಂತ. ರೆಕ್ಟಿಫೈಯರ್ ಒಳಗೆ ಡಯೋಡ್ ಸೋರಿದರೂ ಹೀಗೇ ಎಳೆಯುತ್ತದೆ, ಅದರ ಕಪ್ಲರ್ ತೆಗೆದಾಗ ರೀಡಿಂಗ್ ಒಂದೆರಡು ಮಿಲಿಆಂಪಿಗೆ ಇಳಿದರೆ ಅದೇ ಕಳ್ಳ.

ರಾತ್ರಿ ಬಿಟ್ಟು ಬೆಳಗ್ಗೆ ಎಷ್ಟು, ಸೆಲ್ಫ್ ಒತ್ತಿದಾಗ ಎಷ್ಟು, ಬಿಸಿಯಾದ ಮೇಲೆ 5000ದಲ್ಲಿ ಎಷ್ಟು, ಕೀ ತೆಗೆದಾಗ ಎಷ್ಟು ಮಿಲಿಆಂಪ್. ಇಷ್ಟು ಬರೆದು ಹಾಕಿ, ಸಾಧ್ಯವಾದರೆ ಆ ಹಳದಿ ವೈರಿನ ಕಪ್ಲರಿನ ಫೋಟೋ ಕೂಡ. ಆರ್ಡರ್ ಮಾಡಿದ ರೆಕ್ಟಿಫೈಯರ್ ಬಂದರೆ ಪ್ಯಾಕೆಟ್ ಒಡೆಯದೆ ಹಾಗೇ ಇಟ್ಟಿರಿ.