ಸಹಾಯ ಬೇಕು: ಜನಸಂಖ್ಯೆಯ ಸಮೀಕರಣದಲ್ಲಿ ಮೈನಸ್ 158 ಕೋಟಿ ಬರ್ತಿದೆ!

ಎಲ್ಲರಿಗೂ ನಮಸ್ಕಾರ. ಗಣಿತದ ಮೇಷ್ಟ್ರುಗಳು ಯಾರಾದರೂ ಇದ್ದರೆ ಸ್ವಲ್ಪ ನೋಡಿ.

ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಕರ್ನಾಟಕದ ಜನಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಏರಿದೆ ಅಂತ ರೇಖಾತ್ಮಕ ಸಮೀಕರಣ ಬರೆಯಬೇಕು. ಜನಗಣತಿ ಪ್ರಕಾರ 2001ರಲ್ಲಿ ಸುಮಾರು 5.29 ಕೋಟಿ, 2011ರಲ್ಲಿ 6.11 ಕೋಟಿ. ಹತ್ತು ವರ್ಷಕ್ಕೆ 0.82 ಕೋಟಿ ಜಾಸ್ತಿ, ಅಂದರೆ ವರ್ಷಕ್ಕೆ 0.082. ಇಲ್ಲಿವರೆಗೆ ಸರಿ.

2001ನ್ನು ಸೊನ್ನೆ ಅಂತ ಇಟ್ಟುಕೊಂಡು ನಾನು ಬರೆದದ್ದು (ಜ ಅಂದರೆ ಕೋಟಿಯಲ್ಲಿ ಜನಸಂಖ್ಯೆ, ವ ಅಂದರೆ ವರ್ಷ):
ಜ = 0.082 ವ + 5.29

ಅವಳು ಇಸವಿಯನ್ನೇ ನೇರವಾಗಿ ಹಾಕಿ ಬರೆದದ್ದು:
ಜ = 0.082 ವ − 158.79

ಎರಡರಲ್ಲೂ 2021ಕ್ಕೆ 6.93 ಕೋಟಿಯೇ ಬರುತ್ತದೆ. (ಆ ವರ್ಷ ಗಣತಿಯೇ ನಡೆಯಲಿಲ್ಲ, ತಾಳೆ ನೋಡೋಣ ಅಂದರೆ ಅದೂ ಇಲ್ಲ.) ಹಿಂದಕ್ಕೆ ಹೋಗಿ 1991ಕ್ಕೆ ಹಾಕಿದರೆ 4.47 ಬರುತ್ತದೆ, ನಿಜವಾದದ್ದು 4.50. ಪರವಾಗಿಲ್ಲ ಅಲ್ವಾ? ಗ್ರಾಫ್ ಹಾಳೆಯಲ್ಲೂ ಎಳೆದು ನೋಡಿದೆವು, ಗೆರೆ ಒಂದೇ.

ಆದರೆ "ಜನ ಮೈನಸ್ 158 ಕೋಟಿ ಇರೋದು ಹೇಗಪ್ಪಾ?" ಅಂತ ಅವಳು ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಇಸವಿ ಸೊನ್ನೆಯಲ್ಲಿ ಅಂತ ಸುಮ್ನೆ ಹೇಳಿದರೆ ಒಪ್ಪುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಅವಳ ಸಮೀಕರಣವೂ ಸರಿಯೇ? ಸರಿ ಅಂದರೆ ಆ −158.79ಕ್ಕೆ ಹತ್ತನೇ ಕ್ಲಾಸಿನ ಮಗುವಿಗೆ ಏನು ಅರ್ಥ ಹೇಳಬೇಕು?