ಅಪ್ಪ ಅಮ್ಮನ ಜೊತೆ ಮಣಿಕರಣ್: ಬಿಸಿನೀರು ಸರಿ, ಕಾಡು ನೋಡಲು ಎಲ್ಲಿಗೆ ಹೋಗೋಣ?

ಜಯನಗರದ ಹಕ್ಕಿ

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹಿಮಾಚಲದ ಮಣಿಕರಣ್‌ಗೆ ಹೋಗೋಣ ಅಂತಿದ್ದೇನೆ. ಅಮ್ಮನಿಗೆ ಮಂಡಿ ನೋವು. ಅಲ್ಲಿಯ ಬಿಸಿನೀರಲ್ಲಿ ಮಿಂದರೆ ವಾಸಿಯಾಗುತ್ತದೆ ಅಂತ ಪಕ್ಕದ ಮನೆಯವರು ತಲೆಗೆ ತುಂಬಿದ್ದಾರೆ. ಅಪ್ಪ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನನಗೆ ಕಾಡು, ಹಕ್ಕಿ ಅಂದರೆ ಹುಚ್ಚು. ಮ್ಯಾಪ್ ನೋಡಿದರೆ ಖೀರ್‌ಗಂಗಾ ನ್ಯಾಷನಲ್ ಪಾರ್ಕ್, ಕನಾವರ್ ಅಭಯಾರಣ್ಯ, ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಎಲ್ಲಾ ಒಂದಕ್ಕೊಂದು ಅಂಟಿಕೊಂಡೇ ಇವೆ. ಮಣಿಕರಣ್‌ನಲ್ಲೇ ರೂಮ್ ಮಾಡಿಕೊಂಡು ದಿನಕ್ಕೊಂದು ಕಾಡು ನೋಡಿ ಬರಬಹುದಾ? ಅಥವಾ ಖೀರ್‌ಗಂಗಾ ಒಂದಕ್ಕೇ ಹೋದರೆ ಬಿಸಿನೀರು, ಕಾಡು ಎರಡೂ ಸಿಗುತ್ತದಾ?

ಘಟ್ಟದ ಮೇಲಿನವ

ಮ್ಯಾಪ್ ನೋಡಿ ಮೋಸ ಹೋಗಬೇಡಿ. ಅಂಟಿಕೊಂಡಿರುವುದು ನಿಜ, ಆದರೆ ನಡುವೆ ಇರುವುದು ರಸ್ತೆಯಲ್ಲ, ಹಿಮದ ಬೆಟ್ಟ. ಮಣಿಕರಣ್ ಇರುವುದು ಪಾರ್ವತಿ ಕಣಿವೆಯಲ್ಲಿ. ಗ್ರೇಟ್ ಹಿಮಾಲಯನ್ ಪಾರ್ಕ್‌ಗೆ ಜನ ಹೋಗುವುದು ತೀರ್ಥನ್ ಮತ್ತು ಸೈಂಜ್ ಕಣಿವೆಗಳಿಂದ. ಅಂದರೆ ಮಣಿಕರಣ್‌ನಿಂದ 35 ಕಿ.ಮೀ. ಇಳಿದು ಭುಂತರ್‌ಗೆ ಬರಬೇಕು, ಅಲ್ಲಿಂದ ಬಿಯಾಸ್ ನದಿಯ ಪಕ್ಕದಲ್ಲೇ ಔಟ್ ಸುರಂಗದ ತನಕ ಬಂದು, ಆಮೇಲೆ ಬಂಜಾರ್ ದಾರಿ ಹಿಡಿಯಬೇಕು. ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ದಿನಕ್ಕೊಂದು ಕಾಡು ಅನ್ನುವ ಪ್ಲಾನ್ ಬಿಟ್ಟುಬಿಡಿ.

ಖೀರ್‌ಗಂಗಾ ಅಂತೂ ಹಿರಿಯರ ಜೊತೆ ಬೇಡವೇ ಬೇಡ. ಗಾಡಿ ಬರ್ಶೈಣಿವರೆಗೆ ಮಾತ್ರ. ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಏರು ದಾರಿ, ಹೋಗಿ ಮುಟ್ಟುವ ಜಾಗ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಮೇಲೆ ಬಿಸಿನೀರಿನ ಕೊಳ ಇರುವುದು ನಿಜ, ಆದರೆ ಮಂಡಿ ನೋವಿಗೆ ಅಂತ ಹೋಗಿ ಮಂಡಿಯನ್ನೇ ಅಲ್ಲಿ ಬಿಟ್ಟು ಬರಬೇಕಾಗುತ್ತದೆ.

ನನ್ನ ಸಲಹೆ ಇಷ್ಟೇ, ಪ್ರವಾಸವನ್ನು ಎರಡು ತುಂಡು ಮಾಡಿ. ಪಾರ್ವತಿ ಕಣಿವೆ ಸ್ನಾನಕ್ಕೆ, ತೀರ್ಥನ್ ಕಣಿವೆ ಕಾಡಿಗೆ. ತೀರ್ಥನ್‌ನಲ್ಲಿ ಗುಶೈಣಿ ಸುತ್ತಮುತ್ತ ಹೊಳೆ ಪಕ್ಕದಲ್ಲೇ ಹೋಮ್‌ಸ್ಟೇಗಳಿವೆ. ಹಿರಿಯರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂರಲಿ, ನೀವು ಬೆಳಿಗ್ಗೆ ಎದ್ದು ಪಾರ್ಕ್ ಗೇಟ್ ಕಡೆ ನಡೆಯಿರಿ. ಈ ಪಾರ್ಕ್ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಒಳಗೆ ಗಾಡಿ ರಸ್ತೆಯೇ ಇಲ್ಲ, ಬಂಡೀಪುರದ ಥರ ಸಫಾರಿ ಜೀಪ್ ಕೇಳಬೇಡಿ. ಎಲ್ಲಾ ಕಾಲ್ನಡಿಗೆ, ಅದಕ್ಕೂ ಅನುಮತಿ ಬೇಕು. ಬಂಜಾರ್ ದಾಟಿದ ಮೇಲೆ ಸಾಯಿ ರೋಪಾದಲ್ಲಿ ಪಾರ್ಕ್‌ನವರ ಕಚೇರಿ ಇದೆ, ಅಲ್ಲೇ ವಿಚಾರಿಸಿ.

ಬಿಸಿನೀರು ಬಸಮ್ಮ

ಸ್ನಾನದ ಬಗ್ಗೆ ನಾನು ಹೇಳುತ್ತೇನೆ. ನಾನು ನರ್ಸ್, ಹಾಗಾಗಿ ಸ್ವಲ್ಪ ಬಯ್ಯುವ ಅಭ್ಯಾಸ ಇದೆ, ಬೇಜಾರಾಗಬೇಡಿ.

ಬಿಸಿನೀರಲ್ಲಿ ಕೂತರೆ ಬಿಗಿದ ಕೀಲು ಸಡಿಲವಾಗಿ ನೋವು ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಸವೆದ ಮಂಡಿ ವಾಸಿಯಾಗುವುದಿಲ್ಲ. ಅಮ್ಮನಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ವಾಪಸ್ ಬಂದು ಬೇಸರ ಮಾಡಿಕೊಳ್ಳುತ್ತಾರೆ. ಅಪ್ಪನ ವಿಷಯದಲ್ಲಿ ಹುಷಾರು. ಬಿಪಿ ಮಾತ್ರೆ ತಿನ್ನುವವರು ಬಿಸಿನೀರಲ್ಲಿ ಜಾಸ್ತಿ ಹೊತ್ತು ಕೂತು ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ, ಜಾರುವ ಕಲ್ಲಿನ ನೆಲ ಬೇರೆ. ಐದು ನಿಮಿಷ ಸಾಕು, ಹೊಟ್ಟೆ ತುಂಬಾ ಊಟ ಮಾಡಿ ಇಳಿಯುವುದು ಬೇಡ, ಮೇಲೆ ಬಂದ ಮೇಲೆ ನೀರು ಕುಡಿಯಲಿ. ಹೊರಡುವ ಮುಂಚೆ ಅವರ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಬಿಡಿ. ಮಣಿಕರಣ್‌ನ ಗುರುದ್ವಾರದಲ್ಲಿ ಸ್ನಾನದ ಕೊಳಕ್ಕೆ ತಣ್ಣೀರು ಬೆರೆಸಿರುತ್ತಾರೆ, ಹೆಂಗಸರಿಗೆ ಬೇರೆ ಜಾಗ ಇದೆ. ಬುಗ್ಗೆಯ ಬಾಯಿಯ ಹತ್ತಿರ ಮಾತ್ರ ಸುಮ್ನೆ ಬೆರಳು ಅದ್ದಿ ನೋಡಲೂ ಹೋಗಬೇಡಿ, ಅಲ್ಲಿ ನೀರು 90 ಡಿಗ್ರಿ ದಾಟಿರುತ್ತದೆ.

ಪುತ್ತೂರ್‌ದ ಭಟ್ರು

ನಮ್ಮಲ್ಲೂ ಇದೆ ಮಾರಾಯ್ರೆ, ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥ, ಸೀರೆ ಹೊಳೆಯ ದಡದಲ್ಲಿ. ಆದರೆ ಅದು ಬರೀ ಬೆಚ್ಚಗೆ. ಮಣಿಕರಣ್‌ದು ಅನ್ನ ಬೇಯಿಸುವ ಬಿಸಿ, ಮಾತಿಗೆ ಹೇಳಿದ್ದಲ್ಲ, ಲಂಗರ್ (ಗುರುದ್ವಾರದ ಉಚಿತ ಊಟ) ಅಡುಗೆಯ ಪಾತ್ರೆಗಳನ್ನೇ ಅದರಲ್ಲಿ ಇಳಿಸಿಡುತ್ತಾರೆ. ಅಕ್ಕಿ, ಕಡಲೆ ಕಟ್ಟಿದ ಸಣ್ಣ ಬಟ್ಟೆ ಗಂಟು ಅಲ್ಲೇ ಸಿಗುತ್ತದೆ, ದಾರ ಹಿಡಿದು ನೀರಲ್ಲಿ ಇಳಿಬಿಟ್ಟು ಕಾಯುವುದು. ನಿಮ್ಮ ಅಮ್ಮನಿಗೆ ಸ್ನಾನಕ್ಕಿಂತ ಇದೇ ಖುಷಿ ಕೊಡಬಹುದು. ಪಾರ್ವತಿ ದೇವಿಯ ಕಿವಿಯೋಲೆ ನೀರಿಗೆ ಬಿದ್ದ ಕಥೆ, ಗುರುನಾನಕರ ಜೊತೆಗಿದ್ದ ಮರ್ದಾನಾನ ರೊಟ್ಟಿ ಮುಳುಗಿ ತೇಲಿದ ಕಥೆ ಎರಡನ್ನೂ ಅಲ್ಲಿ ಕೇಳಬಹುದು. ನೀರು ಬಿಸಿಯಾಗಲು ಕಾರಣ ಕೇಳಿದರೆ, ಹತ್ತಿರ ಎಲ್ಲೂ ಜ್ವಾಲಾಮುಖಿ ಇಲ್ಲ. ಮಳೆ, ಹಿಮದ ನೀರು ಬಿರುಕುಗಳಲ್ಲಿ ತುಂಬಾ ಆಳಕ್ಕೆ ಇಳಿದು, ಭೂಮಿಯೊಳಗಿನ ಬಿಸಿಗೆ ಕಾದು, ಬೇರೆ ಬಿರುಕಿನಿಂದ ಮೇಲೆ ಬರುತ್ತದೆ. ಅಷ್ಟೇ.

ರೈಲು ರಂಗ

ಎಲ್ಲರೂ ಮಣಿಕರಣ್ ಅಂದರೆ ಬರೀ ಸ್ನಾನ ಅಂತಿದ್ದೀರಿ, ನಾನು ಒಪ್ಪುವುದಿಲ್ಲ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಹಗಲು ಟ್ಯಾಕ್ಸಿ, ಬಸ್ಸು, ಹಾರ್ನ್, ಸೇತುವೆ ಮೇಲೆ ಸೆಲ್ಫಿ, ತಲೆ ಚಿಟ್ಟು ಹಿಡಿಯುತ್ತದೆ. ನಸುಕಿನಲ್ಲಿ ಎದ್ದರೆ ಸ್ನಾನದ ಕೊಳದಲ್ಲಿ ಜನ ಕಡಿಮೆ, ಹೊರಗೆ ಚಳಿಗೆ ಹಬೆ ಪಾರ್ವತಿ ನದಿಯ ಮೇಲೆಲ್ಲಾ ಹರಡಿರುತ್ತದೆ. ಗುರುದ್ವಾರದ ಊಟ ಎಲ್ಲರಿಗೂ, ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲಲ್ಲಿ ಕೂತರೆ ಆಯಿತು. ಪಕ್ಕದ ಊರು ಕಸೋಲ್ 4 ಕಿ.ಮೀ. ಅಷ್ಟೇ, ಆದರೆ ಅದು ಕೆಫೆ, ಇಸ್ರೇಲಿ ಪ್ರವಾಸಿಗರಿಗೆ ಹಾಕಿದ ಹೀಬ್ರೂ ಬೋರ್ಡು, ಹುಡುಗರ ಗಲಾಟೆ. ಅಪ್ಪ ಅಮ್ಮನಿಗೆ ಹಿಡಿಸುವುದು ಅನುಮಾನ.

ನಿಮಗೆ ಹಕ್ಕಿ ಬೇಕು ಅಂದರೆ ಕಸೋಲ್‌ನಿಂದ ಗ್ರಹಣ್ ಹಳ್ಳಿ ಕಡೆ ಹೋಗುವ ಕಾಲುದಾರಿಯಲ್ಲಿ ಒಂದೆರಡು ಗಂಟೆ ಹೋಗಿ ಬನ್ನಿ. ದೇವದಾರು ಕಾಡು, ಪಕ್ಕದಲ್ಲೇ ಹಳ್ಳ. ನೀರೊಳಗೆ ಮುಳುಗಿ ಹುಳ ಹಿಡಿಯುವ ಬ್ರೌನ್ ಡಿಪ್ಪರ್ ಹಕ್ಕಿಯನ್ನು ಬಂಡೆಗಳ ಮೇಲೆ ಹುಡುಕಿ. ಆದರೆ ನೀವು ನದಿ ಬಂಡೆಗೆ ಇಳಿಯಬೇಡಿ, ಪಾರ್ವತಿಯ ಸೆಳೆತ ನೋಡಿದಷ್ಟು ಸಾಧು ಅಲ್ಲ.

ಜಯನಗರದ ಹಕ್ಕಿ

ತುಂಬಾ ಥ್ಯಾಂಕ್ಸ್. ಬಸಮ್ಮ ಮೇಡಂ, ಬೈಗುಳ ಅಪ್ಪನಿಗೆ ಓದಿ ಹೇಳಿದೆ, ನಕ್ಕರು. ಎರಡು ತುಂಡು ಮಾಡುವುದೇ ಸರಿ ಅನ್ನಿಸುತ್ತಿದೆ. ತೀರ್ಥನ್‌ನಲ್ಲಿ ಜುಜುರಾನಾ (ವೆಸ್ಟರ್ನ್ ಟ್ರಾಗೋಪಾನ್ ಹಕ್ಕಿ) ಕಾಣುತ್ತದಾ? ದಸರಾ ಸಮಯ ಅಲ್ಲಿಗೆ ಹೋಗಲು ಸರಿಯಾ?

ಘಟ್ಟದ ಮೇಲಿನವ

ಜುಜುರಾನಾ ಹಿಮಾಚಲದ ರಾಜ್ಯಪಕ್ಷಿ, ಈ ಪಾರ್ಕ್‌ನ ಹೆಮ್ಮೆ, ಆದರೆ ದಟ್ಟ ಕಾಡಿನ ಬುಡದಲ್ಲಿ ಅಡಗಿ ಓಡಾಡುವ ಹಕ್ಕಿ. ಗಂಡು ಕೂಗುವುದು ಏಪ್ರಿಲ್, ಮೇ ಹೊತ್ತಿಗೆ. ಅಕ್ಟೋಬರ್‌ನಲ್ಲಿ ಅದೃಷ್ಟ ಇದ್ದರೂ ಕಷ್ಟ. ಮೊನಾಲ್ ಅನ್ನುವ ಬಣ್ಣದ ಕಾಡುಕೋಳಿ ಜಾತಿಯ ಹಕ್ಕಿಗೆ ಆಸೆ ಇಟ್ಟುಕೊಳ್ಳಿ, ಅದಕ್ಕೂ ಎತ್ತರಕ್ಕೆ ಹೋಗಬೇಕು. ಹಿರಿಯರನ್ನು ಜಲೋರಿ ಪಾಸ್‌ಗೆ ಕರೆದುಕೊಂಡು ಹೋಗಿ, 3,120 ಮೀಟರ್, ಕಾರಿನಲ್ಲೇ ಹತ್ತಬಹುದು, ದಾರಿ ಮಾತ್ರ ಕಡಿದು.

ಮಳೆ ಮುಗಿದ ಮೇಲೆ ಹೋಗುತ್ತಿರುವುದು ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಈ ಕಣಿವೆಗಳ ಹತ್ತಿರ ಸುಳಿಯಬಾರದು, 2023ರ ಜುಲೈನಲ್ಲಿ ಸೈಂಜ್ ಪೇಟೆಯ ಎಷ್ಟೋ ಕಟ್ಟಡಗಳನ್ನು ನೀರು ಎಳೆದುಕೊಂಡು ಹೋಯಿತು.

ಇನ್ನೊಂದು ವಿಷಯ, ನಮ್ಮಲ್ಲಿ ಜಂಬೂಸವಾರಿ ನಡೆಯುವ ವಿಜಯದಶಮಿ ದಿನವೇ ಕುಲ್ಲುವಿನಲ್ಲಿ ದಸರಾ ಶುರುವಾಗುತ್ತದೆ, ಏಳು ದಿನ. ಸುತ್ತಲಿನ ಹಳ್ಳಿಗಳ ದೇವರುಗಳನ್ನೆಲ್ಲ ಪಲ್ಲಕ್ಕಿಯಲ್ಲಿ ಹೊತ್ತು ಢಾಲ್‌ಪುರ ಮೈದಾನಕ್ಕೆ ತರುತ್ತಾರೆ. ನೋಡಲೇಬೇಕಾದದ್ದು, ಆದರೆ ಕುಲ್ಲು, ಭುಂತರ್ ಕಡೆ ರೂಮ್ ಮತ್ತು ಟ್ಯಾಕ್ಸಿ ಎರಡಕ್ಕೂ ಎಳೆದಾಟ. ಮಣಿಕರಣ್ ರೂಮನ್ನು ಈಗಲೇ ಹಿಡಿದುಬಿಡಿ. ತೀರ್ಥನ್‌ನವರಿಗೆ ಫೋನ್ ಮಾಡುವಾಗ ಮಂಡಿ ನೋವಿನ ವಿಷಯ ಮೊದಲೇ ಹೇಳಿ, ಕೆಲವು ಮನೆಗಳು ರಸ್ತೆಯಿಂದ ಹೊಳೆ ದಾಟಿ ಮೆಟ್ಟಿಲು ಹತ್ತಿ ಹೋಗುವಂಥವು.