ದಪ್ಪ ಪಿನ್ ತೆಗೀಬೇಡಿ ಭಾವ

ಮೈಸೂರು ಮಾವ: (ಫಾರ್ವರ್ಡ್) ಹೋಮ್ ಥಿಯೇಟರಿಗೆ ಜೋಡಿಸಿದ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗ್ತಿದೆಯಾ? ವೂಫರ್‌ನಲ್ಲಿ ಗುಂಯ್ ಅನ್ನೋ ಸದ್ದು ಬರ್ತಿದೆಯಾ? ಕಂಪ್ಯೂಟರ್ ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ. ಎರಡೂ ಸರಿಹೋಗುತ್ತೆ. ಎಲ್ಲರಿಗೂ ಕಳಿಸಿ.

ಮೈಸೂರು ಮಾವ: ನಮ್ಮನೇಲೂ ಇದೇ ತೊಂದರೆ. ನಿನ್ನೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದೆ. ಗುಂಯ್ ಸದ್ದು ಪೂರ್ತಿ ನಿಂತಿದೆ.

ಶಿವಮೊಗ್ಗ ಚಿಕ್ಕಪ್ಪ: ಭಾವ, ಮೊದಲು ಆ ಅಡಾಪ್ಟರ್ ತೆಗೀರಿ. ಈ ಮೆಸೇಜ್ ಇನ್ಯಾರಿಗೂ ಕಳಿಸ್ಬೇಡಿ. ದಪ್ಪ ಪಿನ್ ಅಂದ್ರೆ ಅರ್ತಿಂಗ್. ಉಳಿದೆರಡಕ್ಕಿಂತ ಉದ್ದ ಮಾಡಿರೋದೇ ಅದು ಮೊದಲು ಸೇರಿ ಕೊನೆಗೆ ಬಿಡಲಿ ಅಂತ.

ಮೈಸೂರು ಮಾವ: ಟಿವಿಗೆ, ಸ್ಪೀಕರ್ ಓಡಿಸೋ ರಿಸೀವರಿಗೆ ಎರಡೇ ಪಿನ್ ಇದೆಯಲ್ಲಪ್ಪ. ಅವಕ್ಕೆ ಬೇಡದ ಅರ್ತಿಂಗ್ ಕಂಪ್ಯೂಟರಿಗೆ ಮಾತ್ರ ಯಾಕೆ?

ಶಿವಮೊಗ್ಗ ಚಿಕ್ಕಪ್ಪ: ಅವುಗಳ ಹಿಂದೆ ಚೌಕದೊಳಗೆ ಚೌಕದ ಗುರುತು ಇರುತ್ತೆ ನೋಡಿ. ಡಬಲ್ ಇನ್ಸುಲೇಷನ್ ಅಂತ ಅರ್ಥ. ಕಂಪ್ಯೂಟರ್ ಹಾಗಲ್ಲ. ಅದರ ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತೆ. ಅರ್ತಿಂಗ್ ಇದ್ರೆ ಆ ಲೀಕೇಜ್, ಅಂದ್ರೆ ಸೋರೋ ಕರೆಂಟ್, ನೆಲಕ್ಕೆ ಹೋಗುತ್ತೆ. ಅರ್ತಿಂಗ್ ತೆಗೆದ್ರೆ ಎರಡು ಕೆಪಾಸಿಟರ್ ನಡುವೆ ಸಿಕ್ಕಿಕೊಂಡ ಕ್ಯಾಬಿನೆಟ್ 230ರ ಅರ್ಧಕ್ಕೆ, ಅಂದ್ರೆ ಸುಮಾರು 115 ವೋಲ್ಟಿಗೆ ಏರಿ ಕೂರುತ್ತೆ.

ಮೈಸೂರು ಅತ್ತೆ: ಅದಕ್ಕೇನಾ? ನಿನ್ನೆಯಿಂದ ಒರೆಸೋಕೆ ಹೋದ್ರೆ ಆ ಡಬ್ಬ ಕೈಗೆ ಜುಮ್ ಅನ್ನುತ್ತೆ.

ಶಿವಮೊಗ್ಗ ಚಿಕ್ಕಪ್ಪ: ಅದೇ ಅದು. ಈಗ ಹರಿಯೋದು ಮಿಲಿಆಂಪ್‌ಗಿಂತ ಕಮ್ಮಿ, ಜುಮ್ ಅಂತ ಬಿಡುತ್ತೆ. ನಾಳೆ ಒಳಗೆ ಫೇಸ್ ವೈರ್ ಸವೆದು ಲೋಹಕ್ಕೆ ತಾಗಿದ್ರೆ ಪೂರ್ತಿ 230 ಅಲ್ಲೇ ನಿಂತಿರುತ್ತೆ. ಫ್ಯೂಸೂ ಹೋಗಲ್ಲ, ಬ್ರೇಕರ್ರೂ ಬೀಳಲ್ಲ.

ಮೈಸೂರು ಮಾವ: ಸರಿ, ತೆಗೆದೆ. ಗುಂಯ್ ವಾಪಸ್ ಬಂತು. ಈಗೇನು?

ಶಿವಮೊಗ್ಗ ಚಿಕ್ಕಪ್ಪ: ಸೆಟ್‌ಟಾಪ್ ಬಾಕ್ಸ್ ಹಿಂದಿನ ಕೇಬಲ್ ಟಿವಿ ವೈರ್ ಬಿಚ್ಚಿ ನೋಡಿ. ಅದೊಂದೇ.

ಮೈಸೂರು ಮಾವ: ನಿಂತುಹೋಯ್ತು!

ಶಿವಮೊಗ್ಗ ಚಿಕ್ಕಪ್ಪ: ಬೀದಿಯ ಅಷ್ಟೂ ಮನೆಯ ಎರಡು ಪಿನ್ನಿನ ಟಿವಿ, ಬಾಕ್ಸುಗಳ ಲೀಕೇಜ್ ಕೇಬಲ್‌ನವರ ವೈರಿನ ಹೊರ ಹೆಣಿಗೆಯಲ್ಲಿ ಸೇರಿಕೊಳ್ಳುತ್ತೆ. ಎಷ್ಟೋ ಕಡೆ ಆ ಹೆಣಿಗೆಗೆ ಎಲ್ಲೂ ಅರ್ತಿಂಗ್ ಕೊಟ್ಟಿರಲ್ಲ. ನಿಮ್ಮನೇಲಿ ಅದು ಸೆಟ್‌ಟಾಪ್, ರಿಸೀವರ್, ಎಚ್‌ಡಿಎಂಐ ವೈರಿನ ಲೋಹದ ಹೊದಿಕೆ (ಶೀಲ್ಡ್) ಹಾದು ಕಂಪ್ಯೂಟರ್ ಮೂಲಕ ನೆಲಕ್ಕೆ ಇಳೀತಿದೆ. ಗುಂಯ್ ಅನ್ನೋದು ಅದರ ಸದ್ದು. ಪಿನ್ ತೆಗೆದಾಗ ದಾರಿ ಮುಚ್ಚಿತು, ಸದ್ದು ನಿಂತಿತು. ದಾರಿ ಮುಚ್ಚಬೇಕಾದ್ದು ಕೇಬಲ್ ಕಡೆ, ಅರ್ತಿಂಗ್ ಕಡೆ ಅಲ್ಲ. ಹ್ಯಾಂಗ್ ಆಗೋದೂ ಇದರಿಂದಲೇ.

ಬೆಂಗಳೂರು ಅಕ್ಕ: ಚಿಕ್ಕಪ್ಪ, ಗುಂಯ್ ವಿಷಯ ಒಪ್ತೀನಿ. ಹ್ಯಾಂಗ್ ಕೂಡ ಅದರಿಂದಲೇ ಅನ್ನೋದನ್ನ ಒಪ್ಪಲ್ಲ. ಮಾವ, ಹ್ಯಾಂಗ್ ಆಗೋದು ಯಾವಾಗ?

ಮೈಸೂರು ಮಾವ: ರಿಸೀವರ್‌ನಲ್ಲಿ ಸೆಟ್‌ಟಾಪ್‌ನಿಂದ ಕಂಪ್ಯೂಟರ್ ಇನ್‌ಪುಟ್‌ಗೆ ಬದಲಾಯಿಸಿದಾಗ. ಒಂದೊಂದ್ಸಲ ಸುಮ್ಮನೆ ಸಿನಿಮಾ ಓಡ್ತಿರುವಾಗಲೂ.

ಬೆಂಗಳೂರು ಅಕ್ಕ: ಹಾಗಾದ್ರೆ ಎರಡು ಬೇರೆ ಕಾಯಿಲೆ ಇರಬಹುದು. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆಗೆದು, ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಹುಡುಕಿ. 41 ಅಂದ್ರೆ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಅಷ್ಟೆ, ಕಾರಣ ಹೇಳಲ್ಲ. ಡೀಟೇಲ್ಸ್ ಟ್ಯಾಬ್‌ನಲ್ಲಿ ಬಗ್‌ಚೆಕ್‌ಕೋಡ್ ಎಷ್ಟಿದೆ ನೋಡಿ ಹೇಳಿ.

ಮೈಸೂರು ಮಾವ: ಮೂರು ಇದೆ. ಎರಡರಲ್ಲಿ 278, ಒಂದರಲ್ಲಿ 0.

ಬೆಂಗಳೂರು ಅಕ್ಕ: 278 ವಿಡಿಯೊ ಡ್ರೈವರ್‌ದು. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡ್ ಉತ್ತರ ಕೊಡದಿದ್ರೆ ವಿಂಡೋಸ್ ಅದನ್ನ ರೀಸೆಟ್ ಮಾಡುತ್ತೆ. ರೀಸೆಟ್ ಆಗದಿದ್ರೆ ನೀಲಿ ಸ್ಕ್ರೀನ್. ರಿಸೀವರ್ ಇನ್‌ಪುಟ್ ಬದಲಾದಾಗ ಎಚ್‌ಡಿಎಂಐನ 19ನೇ ಪಿನ್, ಅಂದ್ರೆ ಟಿವಿ ಜೋಡಿಸಿದೆ ಅಂತ ತಿಳಿಸೋ ಹಾಟ್ ಪ್ಲಗ್ ಲೈನ್, ಒಂದು ಕ್ಷಣ ಕೆಳಗಿಳಿಯುತ್ತೆ. ಕಂಪ್ಯೂಟರಿಗೆ ಟಿವಿಯನ್ನೇ ಕಿತ್ತ ಹಾಗೆ. ಡಿಸ್‌ಪ್ಲೇ, ಆಡಿಯೊ ಎರಡೂ ಮಾಯ, ಮರುಕ್ಷಣ ಎರಡನ್ನೂ ಹೊಸದಾಗಿ ಹುಡುಕ್ಬೇಕು. ಸಿನಿಮಾ ಓಡ್ತಿರುವಾಗ ಹಾಗಾದ್ರೆ ಡ್ರೈವರ್ ಮುಗ್ಗರಿಸುತ್ತೆ.

ಶಿವಮೊಗ್ಗ ಚಿಕ್ಕಪ್ಪ: ಶೀಲ್ಡ್‌ನಲ್ಲಿ ಕರೆಂಟ್ ಹರೀತಿದ್ರೆ ಅದೇ ಹಾಟ್ ಪ್ಲಗ್ ಲೈನ್ ಕೂಡ ಅಲುಗಾಡಲ್ವೇನಮ್ಮ?

ಬೆಂಗಳೂರು ಅಕ್ಕ: ಅಲುಗಾಡಬಹುದು. ಅದಕ್ಕೇ ಒಂದೊಂದೇ ಬಿಡಿಸಿ ನೋಡೋಣ ಅನ್ನೋದು. ಮಾವ, ಇವತ್ತು ಸಂಜೆ ಕೇಬಲ್ ವೈರ್ ಹೊರಗೇ ಇರಲಿ, ರಿಸೀವರ್ ಹಾಗೇ ಇರಲಿ, ಇನ್‌ಪುಟ್ ಹತ್ತು ಸಲ ಬದಲಾಯಿಸಿ. ಆಗಲೂ 278 ಬಂದ್ರೆ ಕೇಬಲ್ ವೈರಿನ ತಪ್ಪಲ್ಲ. ನಾಳೆ ರಿಸೀವರ್ ಬಿಟ್ಟು ಕಂಪ್ಯೂಟರ್ ನೇರ ಟಿವಿಗೆ ಕೊಡಿ. ಅಲ್ಲಿ ಸರಿಯಿದ್ರೆ ಕಂಪ್ಯೂಟರ್‌ದು ದೊಡ್ಡ ತಪ್ಪಿಲ್ಲ, ರಿಸೀವರ್ ಜೊತೆಗಿನ ಮಾತುಕತೆಯದು. ಆಗ ಗ್ರಾಫಿಕ್ಸ್ ಡ್ರೈವರ್ ಕ್ಲೀನ್ ಇನ್‌ಸ್ಟಾಲ್, ಎಚ್‌ಡಿಎಂಐ ಮೂಲಕ ಒಂದು ಸಾಧನ ಇನ್ನೊಂದನ್ನ ಆನ್-ಆಫ್ ಮಾಡೋ ಸಿಇಸಿ ಆಫ್, ರಿಸೀವರ್ ಮೊದಲು ಆನ್ ಆಮೇಲೆ ಕಂಪ್ಯೂಟರ್. ಅಷ್ಟಕ್ಕೂ ಬಗ್ಗದಿದ್ರೆ ಇಡಿಐಡಿ ಎಮ್ಯುಲೇಟರ್ ಅಂತ ಸಣ್ಣ ಡಾಂಗಲ್ ಸಿಗುತ್ತೆ. ಕಂಪ್ಯೂಟರಿಗೂ ರಿಸೀವರಿಗೂ ನಡುವೆ ಹಾಕಿದ್ರೆ ಟಿವಿ ಯಾವಾಗಲೂ ಇದೆ ಅಂತಲೇ ಕಂಪ್ಯೂಟರಿಗೆ ತೋರಿಸುತ್ತೆ. ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನ 10 ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ರೋಗ ಮುಚ್ಚಿಡೋದು.

ಮೈಸೂರು ಮಾವ: 0 ಇರೋದು?

ಬೆಂಗಳೂರು ಅಕ್ಕ: ಅದೇ ಪುಟದಲ್ಲಿ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಅಂತ ಇದೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದ್ರೂ ಇದ್ರೆ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದು. ಅಲ್ಲೂ ಸೊನ್ನೆಯಾದ್ರೆ ಹೆಚ್ಚಾಗಿ ಕರೆಂಟೇ ತಪ್ಪಿದ್ದು, ಇಲ್ಲವೇ ತಾನಾಗೇ ರೀಸೆಟ್ ಆದದ್ದು. ಅದು ಚಿಕ್ಕಪ್ಪನ ಇಲಾಖೆ.

ಮೈಸೂರು ಮಾವ: ಸೊನ್ನೆಯೇ ಇದೆ.

ಶಿವಮೊಗ್ಗ ಚಿಕ್ಕಪ್ಪ: ಕರೆಂಟ್ ಹೋಗಿ ಇನ್ವರ್ಟರ್ ಬಂದ ಹೊತ್ತಾ ಅಂತ ನೆನಪು ಮಾಡಿಕೊಳ್ಳಿ. ಕರೆಂಟ್ ತಪ್ಪಿದ್ರೆ ಎಸ್‌ಎಂಪಿಎಸ್ ತಡೆಯೋದು ಸುಮಾರು 17 ಮಿಲಿಸೆಕೆಂಡ್, ಇನ್ವರ್ಟರ್ ಅದಕ್ಕಿಂತ ತಡ ಮಾಡಿದ್ರೆ ಕಂಪ್ಯೂಟರ್ ಆರಿಹೋಗುತ್ತೆ. ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿ.

ಆಮೇಲೆ ಸಾಕೆಟ್. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್‌ನಲ್ಲಿ ನೋಡಿಸಿ. ಫೇಸ್-ನ್ಯೂಟ್ರಲ್ 230 ಇದ್ರೆ ಫೇಸ್-ಅರ್ತಿಂಗ್ ಕೂಡ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನೂರರ ಆಸುಪಾಸು ಬಂದ್ರೆ ಅರ್ತಿಂಗ್ ವೈರ್ ಎಲ್ಲೋ ಕಡಿದಿದೆ. ನ್ಯೂಟ್ರಲ್-ಅರ್ತಿಂಗ್ ನಡುವೆ 2-3 ವೋಲ್ಟ್ ಸಹಜ. ಇಸ್ತ್ರಿ ಪೆಟ್ಟಿಗೆ ಹಾಕಿದಾಗಲೂ ಅಲ್ಲಿ ಸೊನ್ನೆಗೆ ಸೊನ್ನೆ ಇದ್ರೆ ಸಾಕೆಟ್ ಬಿಚ್ಚಿಸಿ. ಒಳಗೆ ನ್ಯೂಟ್ರಲ್‌ನಿಂದ ಅರ್ತಿಂಗ್‌ಗೆ ತುಂಡು ವೈರ್ ಎಳೆದಿರ್ತಾರೆ. ನ್ಯೂಟ್ರಲ್ ಕಡಿದ ದಿನ ಕ್ಯಾಬಿನೆಟ್ ಪೂರ್ತಿ ಫೇಸ್ ಆಗುತ್ತೆ.

ಕಂಪ್ಯೂಟರ್, ರಿಸೀವರ್, ವೂಫರ್, ಟಿವಿ ಎಲ್ಲ ಒಂದೇ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಬರಲಿ. ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಎಲ್ಲ ಆಫ್. ಕಂಪ್ಯೂಟರ್ ಪ್ಲಗ್ ಮಾತ್ರ ಕೀಳ್ಬೇಡಿ, ಸ್ವಿಚ್ ಅಷ್ಟೇ ಆರಿಸಿ. ಸ್ವಿಚ್ ತುಂಡರಿಸೋದು ಫೇಸನ್ನ, ಅರ್ತಿಂಗ್ ಹಾಗೇ ಹಿಡಿದಿರುತ್ತೆ. ಇದನ್ನ ಪಾಲಿಸದಿದ್ರೆ ಎಚ್‌ಡಿಎಂಐ ಪೋರ್ಟ್ ಸುಡಬಹುದು.

ಮೈಸೂರು ಮಾವ: ಕೇಬಲ್ ವೈರ್ ಬಿಚ್ಚಿಟ್ಟುಕೊಂಡೇ ಇರೋಕಾಗಲ್ವಲ್ಲ. ರಿಸೀವರಿಗೆ ಆಪ್ಟಿಕಲ್ ವೈರ್ ಹಾಕಿದ್ರೆ?

ಬೆಂಗಳೂರು ಅಕ್ಕ: ಆಪ್ಟಿಕಲ್‌ನಲ್ಲಿ ಲೋಹದ ಸಂಪರ್ಕವೇ ಇರಲ್ಲ, ಗುಂಯ್ ಹೋಗುತ್ತೆ. ಆದ್ರೆ ಅದರಲ್ಲಿ ಸ್ಟೀರಿಯೊ ಇಲ್ಲವೇ ಡಾಲ್ಬಿ ಡಿಜಿಟಲ್, ಡಿಟಿಎಸ್ 5.1ವರೆಗೆ ಮಾತ್ರ. ಬ್ಲೂರೇ ಸಿನಿಮಾಗಳಲ್ಲಿರೋ ಡಾಲ್ಬಿ ಟ್ರೂಎಚ್‌ಡಿ ಸದ್ದು ಬರಲ್ಲ. ವಿಡಿಯೊಗೆ ಟಿವಿಗೆ ಹೇಗೂ ಎಚ್‌ಡಿಎಂಐ ಬೇಕು, ಆ ಕಡೆಯಿಂದ ಲೀಕೇಜ್ ಹರಿಯೋ ದಾರಿ ವಾಪಸ್ ಬರಬಹುದು.

ಶಿವಮೊಗ್ಗ ಚಿಕ್ಕಪ್ಪ: ಕೇಬಲ್ ಟಿವಿ ವೈರಿಗೆ (ಕೋಆಕ್ಸ್) ಹಾಕೋ ಐಸೊಲೇಟರ್ ತರಿಸಿ. ಹೆಬ್ಬೆರಳಷ್ಟಿರುತ್ತೆ. ಒಳತಂತಿಗೂ ಹೊರ ಹೆಣಿಗೆಗೂ ಕೆಪಾಸಿಟರ್ ಕೊಟ್ಟಿರ್ತಾರೆ. 50 ಹರ್ಟ್ಸ್ ನಿಲ್ಲುತ್ತೆ, ಚಾನೆಲ್ ಸಿಗ್ನಲ್ ಹಾದುಹೋಗುತ್ತೆ. ನಿಮ್ಮದು ಕೇಬಲ್ಲೇ ತಾನೇ? ಡಿಶ್ ಆದ್ರೆ ಇದು ಬೇಡ. ಡಿಶ್ ಮುಂದಿರೋ ಸಿಗ್ನಲ್ ಹಿಡಿಯೋ ಡಬ್ಬ, ಎಲ್‌ಎನ್‌ಬಿಗೆ, ಅದೇ ವೈರಲ್ಲಿ 13, 18 ವೋಲ್ಟ್ ಡಿಸಿ ಹೋಗಬೇಕು, ಐಸೊಲೇಟರ್ ಅದನ್ನೂ ತಡೆಯುತ್ತೆ. ಡಿಶ್‌ಗೆ ವೈರ್ ಮನೆಯೊಳಗೆ ಬರೋ ಜಾಗದಲ್ಲಿ ಹೊರ ಹೆಣಿಗೆಯನ್ನ ಅರ್ತಿಂಗ್‌ಗೆ ಸೇರಿಸೋ ಗ್ರೌಂಡಿಂಗ್ ಬ್ಲಾಕ್ ಹಾಕಿಸಬೇಕು.

ಮೈಸೂರು ಮಾವ: ಕೇಬಲ್ಲೇ. ಐಸೊಲೇಟರ್ ಎಲ್ಲಿ ಹಾಕೋದು, ಗೋಡೆ ಹತ್ರಾನಾ ಸೆಟ್‌ಟಾಪ್ ಹತ್ರಾನಾ?

ಶಿವಮೊಗ್ಗ ಚಿಕ್ಕಪ್ಪ: ಸೆಟ್‌ಟಾಪ್ ಹತ್ರ. ಟಿವಿಗೂ ಬೇರೆ ಕೋಆಕ್ಸ್ ಹೋಗ್ತಿದ್ರೆ ವೈರನ್ನ ಎರಡಾಗಿ ಒಡೆಯೋ ಸ್ಪ್ಲಿಟರ್‌ಗಿಂತ ಮೊದಲೇ ಹಾಕಿ. ಐಸೊಲೇಟರ್‌ಗಿಂತ ಮೊದಲಿನ, ಬೀದಿ ಕಡೆಯ ಕನೆಕ್ಟರ್ ಯಾವುದೂ ಕಂಪ್ಯೂಟರ್ ಡಬ್ಬಕ್ಕಾಗಲಿ, ಕಬ್ಬಿಣದ ಟಿವಿ ಸ್ಟ್ಯಾಂಡಿಗಾಗಲಿ ತಾಗದ ಹಾಗೆ ಟೇಪ್ ಸುತ್ತಿ. ತಾಗಿದ್ರೆ ಗುಂಯ್ ಮತ್ತೆ ಶುರು.